ಹೈಡ್ರಾ ನಿಂತ ಮೇಲೆ ಪೈಪಿನ ಸರದಿ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡೊಂದರ ಮುಂದೆ ಲಾರಿ ನಿಂತಿದೆ ಎಂದುಕೊಳ್ಳಿ. ಅದರ ಮೇಲೆ ಮೂರು ಟನ್ನಿನ ಮರದ ಪೆಟ್ಟಿಗೆ. ಒಳಗಿರುವುದು ಮಗ್ಗವೋ ಸಿಎನ್‌ಸಿ ಯಂತ್ರವೋ, ಬಿಚ್ಚಿದ ಮೇಲೇ ಗೊತ್ತಾಗಬೇಕು. ಹೈಡ್ರಾ ಕ್ರೇನ್ ಬಂದು, ಬೆಲ್ಟು ಬಿಗಿದು, ಪೆಟ್ಟಿಗೆಯನ್ನು ಬಾಗಿಲ ಮುಂದೆ ಇಳಿಸುವುದು ಅರ್ಧ ಗಂಟೆಯ ಕೆಲಸ. ಅಲ್ಲಿಗೆ ಹೈಡ್ರಾದ ಆಟ ಮುಗಿಯಿತು. ಅದರ ಉದ್ದನೆಯ ಕೈ ಚಾವಣಿಯ ಕೆಳಗೆ ನುಗ್ಗಲಾರದು. ಯಂತ್ರ ಕೂರಬೇಕಾದ ಜಾಗವೋ, ಇನ್ನೂ ಅರವತ್ತು ಅಡಿ ಒಳಗಿದೆ. ಎರಡೂ ಬದಿಯಲ್ಲಿ ಓಡುತ್ತಿರುವ ಯಂತ್ರಗಳು, ನಡುವಿನ ದಾರಿ ಪೆಟ್ಟಿಗೆಗಿಂತ ಗೇಣಗಲ ಹೆಚ್ಚು. ಫೋರ್ಕ್‌ಲಿಫ್ಟ್ ತಿರುಗುವುದಕ್ಕೂ ಜಾಗವಿಲ್ಲ. ಆಗ ಗೋಡೆಗೆ ಒರಗಿಸಿಟ್ಟಿದ್ದ ಐದಾರು ಕಬ್ಬಿಣದ ಪೈಪುಗಳು ಹೊರಬರುತ್ತವೆ.

ನೆಲಮಂಗಲದ ಕಡೆ ದಾಬಸ್‌ಪೇಟೆಯಲ್ಲೂ ಇದೇ ಕತೆ, ಹೊಸಕೋಟೆಯ ಗೋದಾಮುಗಳಲ್ಲೂ ಇದೇ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಂತೂ ಹೈಡ್ರಾ ಬೀದಿಯ ತುದಿಯಲ್ಲೇ ನಿಂತುಬಿಡುತ್ತದೆ. ಅಲ್ಲಿ ಮನೆಯೇ ಕಾರ್ಖಾನೆ, ಮನೆಯ ಬಾಗಿಲೇ ಕಾರ್ಖಾನೆಯ ಬಾಗಿಲು. ಪೈಪಿನ ಮೇಲೆ ಭಾರ ಉರುಳಿಸುವುದು ಕ್ರೇನಿಗೆ ದುಡ್ಡಿಲ್ಲದವರ ಉಪಾಯ ಎಂದು ಮೂಗು ಮುರಿಯುವವರಿದ್ದಾರೆ. ಅವರು ಕ್ರೇನಿನ ಹಿಂದೆ ಒಳಗೆ ಹೋಗಿ ನೋಡಿದವರಲ್ಲ. ಆ ಕೊನೆಯ ಅರವತ್ತು ಅಡಿಗೆ ಇದಕ್ಕಿಂತ ಒಳ್ಳೆಯ ಸಾಧನ ಸುಲಭಕ್ಕೆ ಸಿಗದು. ಒಂದೇ ಷರತ್ತು: ನಡೆಸುವ ಮೇಸ್ತ್ರಿಗೆ ಕೆಲಸ ಗೊತ್ತಿರಬೇಕು.

ಲೆಕ್ಕ ಸರಳ. ಮೂರು ಟನ್ನಿನ ಮರದ ಪೆಟ್ಟಿಗೆಯನ್ನು ಕಾಂಕ್ರೀಟು ನೆಲದ ಮೇಲೆ ಹಾಗೇ ಎಳೆದರೆ ಘರ್ಷಣೆಯನ್ನು ಮೀರಲು ಒಂದು ಟನ್ನಿಗೂ ಮಿಕ್ಕಿದ ಬಲ ಬೇಕಾಗಬಹುದು. ಕೆಳಗೆ ಪೈಪು ಕೊಟ್ಟರೆ, ನೆಲ ಗಟ್ಟಿಯಾಗಿ ನಯವಾಗಿದ್ದರೆ, ಸುಮಾರು ನೂರು ಕಿಲೋದ ಒತ್ತಡ ಸಾಕು. ನಾಲ್ಕು ಜನ ಉಸಿರು ಕಟ್ಟದೆ ದಬ್ಬಬಹುದು. ಮೊದಲ ಕದಲಿಕೆಗೆ ಮಾತ್ರ ಹಿಂದಿನಿಂದ ಹಾರೆ ಕೊಟ್ಟು ಮೀಟಬೇಕು.

ಈ ಕೆಲಸದ ಸ್ವಾರಸ್ಯ ಇರುವುದು ಪೈಪು ಹಿಂದೆ ಬೀಳುವುದರಲ್ಲಿ. ಎರಡಿಂಚಿನ ಪೈಪು ಒಂದು ಸುತ್ತು ಉರುಳಿದರೆ ತಾನು ಸುಮಾರು 19 ಸೆಂಟಿಮೀಟರ್ ಸಾಗುತ್ತದೆ. ಮೇಲಿನ ಪೆಟ್ಟಿಗೆ ಸಾಗುವುದು ಅದರ ಎರಡರಷ್ಟು, 38 ಸೆಂಟಿಮೀಟರ್. ಹಾಗಾಗಿ ಎರಡು ಮೀಟರ್ ಉದ್ದದ ಪೆಟ್ಟಿಗೆಯ ಮುಂದಿನ ಅಂಚಿನಲ್ಲಿ ಒಳಹೊಕ್ಕ ಪೈಪು ಹಿಂದಿನ ಅಂಚಿನಿಂದ ಹೊರಬೀಳುವ ಹೊತ್ತಿಗೆ ಪೆಟ್ಟಿಗೆ ನಾಲ್ಕು ಮೀಟರ್ ಮುಂದೆ ಹೋಗಿರುತ್ತದೆ. ಆ ಪೈಪನ್ನು ಎತ್ತಿ ಮತ್ತೆ ಮುಂದಕ್ಕೆ ತಂದು ಹಾಕಲು ಒಬ್ಬ ಆಳು ಬೇಕೇ ಬೇಕು. ದಬ್ಬುವವರ ಗದ್ದಲದಲ್ಲಿ ಇವನು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಎಲ್ಲರ ಓಟ ಇವನ ಕೈಯಲ್ಲಿದೆ. ಒಂದು ಗಳಿಗೆ ತಡಮಾಡಿದರೆ ಪೆಟ್ಟಿಗೆಯ ಮೂತಿ ನೆಲ ಮುಟ್ಟುತ್ತದೆ, ಮತ್ತೆ ಜಾಕು, ಮತ್ತೆ ಹಾರೆ. ಅದಕ್ಕೇ ಕೆಳಗೆ ಯಾವಾಗಲೂ ಮೂರಕ್ಕೆ ಕಡಿಮೆಯಿಲ್ಲದಂತೆ ಪೈಪು ಇರಬೇಕು, ಎಲ್ಲವೂ ಒಂದೇ ದಪ್ಪದವಾಗಿರಬೇಕು. ಒಂದು ದಪ್ಪ ಒಂದು ಸಣ್ಣ ಆದರೆ ಭಾರವೆಲ್ಲ ದಪ್ಪದ ಮೇಲೇ ಕೂತು ಪೆಟ್ಟಿಗೆ ತೂಗಾಡುತ್ತದೆ.

ತಿರುಗಿಸುವುದು ಇದಕ್ಕಿಂತ ಚೆಂದ. ಪೈಪುಗಳನ್ನು ಪೆಟ್ಟಿಗೆಯ ಅಗಲಕ್ಕಿಂತ ಉದ್ದವಾಗಿ ಕತ್ತರಿಸಿರುತ್ತಾರೆ, ಎರಡೂ ತುದಿ ಹೊರಗೆ ಚಾಚಿಕೊಂಡಿರಲೆಂದು. ಬಲಕ್ಕೆ ತಿರುಗಬೇಕೆಂದರೆ ಮುಂದಿನ ಪೈಪಿನ ಎಡತುದಿ ತುಸು ಮುಂದಕ್ಕೆ, ಬಲತುದಿ ತುಸು ಹಿಂದಕ್ಕೆ ಬರುವಂತೆ ಸುತ್ತಿಗೆಯಿಂದ ತಟ್ಟುತ್ತಾರೆ. ಓರೆಯಾದ ಪೈಪಿನ ಮೇಲೆ ಪೆಟ್ಟಿಗೆ ತಾನಾಗಿ ಬಲಕ್ಕೆ ಹೊರಳುತ್ತದೆ. ಮೇಸ್ತ್ರಿ ಮುಂದೆ ಹಿಮ್ಮುಖವಾಗಿ ನಡೆಯುತ್ತಾ "ವಸಿ ಎಡಕ್ಕೆ ತಟ್ಟಣ್ಣ... ಸಾಕು, ಸಾಕು... ಬರ್ಲಿ" ಎನ್ನುತ್ತಿರುತ್ತಾನೆ. ತಂಡದಲ್ಲಿ ಕನ್ನಡ, ತೆಲುಗು, ಹಿಂದಿ ಆಡುವವರೆಲ್ಲ ಇರಬಹುದು. ಆದರೆ ಅಪ್ಪಣೆ ಕೊಡುವ ಬಾಯಿ ಒಂದೇ ಇರಬೇಕು. ಮಾಲೀಕರು ಪಕ್ಕದಲ್ಲಿ ನಿಂತು ಸಲಹೆ ಕೊಡತೊಡಗಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಈ ವಿದ್ಯೆ ಎಷ್ಟು ಹಳೆಯದು? ಈಜಿಪ್ಟಿನವರು ಪಿರಮಿಡ್ಡಿನ ಕಲ್ಲುಗಳನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿದರು ಎಂದು ಶಾಲೆಯ ಚಿತ್ರಗಳಲ್ಲಿ ನೋಡಿದ್ದೇವೆ. ಆದರೆ ಅಲ್ಲಿನ ಜೆಹುತಿಹೊತೆಪ್‌ನ ಗೋರಿಯ ಚಿತ್ರದಲ್ಲಿ ಕಾಣುವುದು ಬೇರೆ. ದೊಡ್ಡ ವಿಗ್ರಹವೊಂದು ಜಾರುಬಂಡಿಯ ಮೇಲಿದೆ, ಮುಂದೆ ನಿಂತವನೊಬ್ಬ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಹದವಾಗಿ ಒದ್ದೆಯಾದ ಮರಳಿನ ಮೇಲೆ ಎಳೆಯುವ ಶ್ರಮ ಅರ್ಧಕ್ಕಿಳಿಯುತ್ತದೆ ಎಂದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು. ಉರುಳೆಗಳ ಖಚಿತ ದಾಖಲೆ ಬೇಕೆಂದರೆ ಇರಾಕಿನ ನಿಮ್ರುದ್‌ಗೆ ಹೋಗಬೇಕು. 1847ರಲ್ಲಿ ಹೆನ್ರಿ ಲೇಯಾರ್ಡ್ ಅಲ್ಲಿ ಅಗೆದು ತೆಗೆದ ರೆಕ್ಕೆಯ ಗೂಳಿಯ ಬೃಹತ್ ಶಿಲ್ಪವನ್ನು ಸಾಗಿಸುವಾಗ ಜಿಡ್ಡು ಸವರಿದ ಮರದ ಉರುಳೆಗಳನ್ನು ಬಳಸಿದ್ದ.

ಅಷ್ಟು ದೂರವೂ ಬೇಡ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿ, ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿತ್ತು. ಒಡೆಯುವಂತಿಲ್ಲ, ಬಿಡುವಂತೆಯೂ ಇಲ್ಲ. ಕೊನೆಗೆ 2017ರಲ್ಲಿ, ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಕಟ್ಟಡದ ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಹೈಡ್ರಾಲಿಕ್ ಜಾಕುಗಳಿಂದ ಎತ್ತಿ, ಇಡಿಯಾಗಿ ನೂರಕ್ಕೂ ಹೆಚ್ಚು ಮೀಟರ್ ದೂರ ಜರುಗಿಸಿದರು. ಅಲ್ಲಿ ಅಮೆರಿಕದ ಪರಿಣತರಿದ್ದರು, ಇಲ್ಲಿ ಮೇಸ್ತ್ರಿ ಇದ್ದಾನೆ. ಎತ್ತು, ಅಡಿಗೆ ಕೊಡು, ನಿಧಾನಕ್ಕೆ ಜರುಗಿಸು ಎಂಬ ಕ್ರಮ ಎರಡಕ್ಕೂ ಒಂದೇ.

ಇನ್ನು ದೇವನಹಳ್ಳಿಗೇ ಬಂದರೆ, 2008ರಲ್ಲಿ ಶುರುವಾದ ವಿಮಾನ ನಿಲ್ದಾಣವಿದೆ. ಸರಕು ವಿಮಾನದ ಹೊಟ್ಟೆಯೊಳಗಿನ ನೆಲದಲ್ಲಿ ಉರುಳೆಗಳ ಸಾಲು, ಬಾಗಿಲ ಬಳಿ ಎಲ್ಲ ದಿಕ್ಕಿಗೂ ಹೊರಳುವ ಲೋಹದ ಗುಂಡುಗಳು. ಟನ್ನುಗಟ್ಟಲೆ ತೂಕದ ಕಂಟೇನರು ಅದರ ಮೇಲೆ ಸರಾಗವಾಗಿ ಜಾರುತ್ತದೆ. ಪೈಪನ್ನು ನೆಲಕ್ಕೇ ಜೋಡಿಸಿಬಿಟ್ಟಿದ್ದಾರೆ, ಅಷ್ಟೇ. ನಿಂತಲ್ಲೇ ತಿರುಗುವ ಉರುಳೆ ಹಿಂದೆ ಬೀಳುವುದಿಲ್ಲ, ಎತ್ತಿ ಮುಂದೆ ಹಾಕುವ ಆಳೂ ಬೇಡ.

ಶೆಡ್ಡಿನ ಆಳಿಗೆ ಆ ಸುಖವಿಲ್ಲ, ಅಪಾಯವಿರುವುದೂ ಅಲ್ಲೇ. ಕಣ್ಣಿಗೆ ಕಾಣದ ಇಳಿಜಾರು ಮೊದಲ ಶತ್ರು. ಇಪ್ಪತ್ತು ಅಡಿಗೆ ಒಂದಡಿ ಇಳಿಯುವ ನೆಲದಲ್ಲಿ ಮೂರು ಟನ್ನಿನ ಪೆಟ್ಟಿಗೆಯನ್ನು ಕೆಳಕ್ಕೆಳೆಯುವ ಬಲ ನೂರೈವತ್ತು ಕಿಲೋ. ಅಂದರೆ ಯಾರೂ ದಬ್ಬದಿದ್ದರೂ ಅದು ಹೊರಡಬಹುದು. ಅಂಥ ಕಡೆ ಹಿಂದಿನಿಂದ ಹಗ್ಗವನ್ನೋ ಚೈನ್ ಪುಲ್ಲಿಯನ್ನೋ ಕಂಬಕ್ಕೆ ಬಿಗಿದು ತಡೆಯುತ್ತಾ ಬಿಡಬೇಕು. ಎರಡನೆಯದು ನೆಲ. ಪೈಪಿನ ಕೆಳಗೆ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದರಿಂದ ಟೈಲ್ಸು ಚಟಚಟನೆ ಸಿಡಿಯುತ್ತವೆ, ಕಬ್ಬಿಣದ ತಗಡು ಹಾಸದೆ ಗತಿಯಿಲ್ಲ. ಮೂರನೆಯದು ಪೆಟ್ಟಿಗೆಯ ತಳ. ಅಡಿಯ ದಿಮ್ಮಿಗಳು ಉದ್ದಕ್ಕಿದ್ದರೆ ಪೈಪು ಅಡ್ಡ ಕೂತು ಓಡುತ್ತದೆ. ಅಡ್ಡಪಟ್ಟಿಗಳಿದ್ದರೆ ಪೈಪು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ನಡುವೆ ಹಲಗೆ ಕೊಡಬೇಕು. ಪೆಟ್ಟಿಗೆಯ ಮೈಮೇಲೆ ಭಾರದ ಕೇಂದ್ರದ ಗುರುತು, ವಾಲಿದರೆ ಕೆಂಪಾಗುವ ಚೀಟಿ ಅಂಟಿಸಿರುತ್ತಾರೆ. ಅನುಭವಿ ಮೇಸ್ತ್ರಿ ಪೈಪು ಮುಟ್ಟುವ ಮೊದಲು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅವನ್ನು ನೋಡುತ್ತಾನೆ.

ಓರೆಯಾದ ಪೈಪನ್ನು ಕಾಲಿನಿಂದ ಒದ್ದು ಸರಿಮಾಡುವುದು, ಪೆಟ್ಟಿಗೆಯಡಿಗೆ ಕೈಹಾಕಿ ಎಳೆಯುವುದು, ಇವೆರಡರಿಂದ ಬೆರಳು ಕಳೆದುಕೊಳ್ಳಲು ಒಂದು ಕ್ಷಣ ಸಾಕು. ಆದರೂ ಹವಾಯಿ ಚಪ್ಪಲಿಯಲ್ಲೇ ಈ ಕೆಲಸ ಮಾಡುವವರನ್ನು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಇಂದಿಗೂ ಕಾಣಬಹುದು. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು, ಸರಿಸಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನೇ ಹೇಳಿತ್ತು. ಕೋಟಿ ರೂಪಾಯಿಯ ಯಂತ್ರಕ್ಕೆ ವಿಮೆ ಮಾಡಿಸುವವರು, ಹೈಡ್ರಾಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಎಣಿಸುವವರು, ಒಳಗೆ ದಬ್ಬುವವರ ಕೂಲಿಯ ಹತ್ತಿರ ಚೌಕಾಸಿಗೆ ನಿಲ್ಲುವುದು ಸಣ್ಣತನ. ಯಂತ್ರ ತರಿಸುವವರು ಬಾಗಿಲಿನ ಅಗಲ, ನೆಲದ ಇಳಿಜಾರು ಎರಡನ್ನೂ ಮೊದಲೇ ಅಳೆಸಿಡಲಿ. ಅಂದಾಜು ಪಟ್ಟಿಯಲ್ಲಿ ಕ್ರೇನಿನ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ತಂಡದಲ್ಲಿ ಎಷ್ಟು ಜನವೋ ಅಷ್ಟು ಜೊತೆ ಸೇಫ್ಟಿ ಶೂ.