ಸ್ವರ್ಗದಿಂದ ಜಿನೀವಾದವರೆಗೆ

ಹವಾಮಾನ ಬದಲಾವಣೆಯ ಬಗ್ಗೆ ದೇಶಗಳು ಸಭೆ ಸೇರುತ್ತವೆ, ಚದುರುತ್ತವೆ. ಲಾಭನಷ್ಟದ ಈ ಜಗ್ಗಾಟದಲ್ಲಿ ನೀತಿಯ ಮಾತಿಗೆ ಬೆಲೆ ಉಂಟೇ? ಉತ್ತರಕ್ಕಾಗಿ ವಿಟ್ಲದವರು ದೂರ ಹೋಗಬೇಕಿಲ್ಲ. ಅಡ್ಯನಡ್ಕ ದಾಟಿ ಪೆರ್ಲದ ಕಡೆಗೆ ಹೋದರೆ ಎಣ್ಮಕಜೆ ಪಂಚಾಯತಿನ ಪಡ್ರೆ ಸಿಗುತ್ತದೆ. ಅಲ್ಲೊಂದು ಊರಿನ ಹೆಸರೇ ಸ್ವರ್ಗ.

ಈ ಭಾಗದ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತಪ್ಪಲಿನ ಮನೆ, ಬಾವಿ, ತೋಡುಗಳ ಮೇಲೂ ಅದು ಬಿತ್ತು. ನಮ್ಮ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆಯ ಕಡೆಯೂ ಇದೇ ವಿಷದ ಕತೆಯಿದೆ.

ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಇವರಲ್ಲಿ ಯಾರೂ ಮಂತ್ರಿಗಳಲ್ಲ, ರಾಯಭಾರಿಗಳೂ ಅಲ್ಲ.

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿದಾಗ, ಎಂಡೋಸಲ್ಫಾನಿನ ಬಹುದೊಡ್ಡ ಉತ್ಪಾದಕನಾಗಿದ್ದ ಭಾರತ ನಿಷೇಧವನ್ನು ವಿರೋಧಿಸಿತು. ಬದಲಿ ಔಷಧಿ ದುಬಾರಿ, ರೈತನ ಗತಿಯೇನು ಎಂಬುದು ಅದರ ವಾದ. ಏಪ್ರಿಲ್ 25ರಂದು ಕೇರಳದ ಆಗಿನ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ಉಪವಾಸ ಕುಳಿತರು. ವಾರ ಮುಗಿಯುವಷ್ಟರಲ್ಲಿ ಭಾರತವೂ ಒಪ್ಪಿತು. ಆದರೆ ಬರಿಯ ನೀತಿಬೋಧೆಗೆ ಮಣಿದು ಅಲ್ಲ. ಕೆಲವು ಬೆಳೆಗಳಿಗೆ ಕಾಲಾವಕಾಶ, ಬದಲಿ ವ್ಯವಸ್ಥೆಗೆ ನೆರವು ಎಂಬ ಮಾತು ಕೂಡಿಬಂದ ಮೇಲೆ. ಮೇ 13ರಂದು ಸುಪ್ರೀಂ ಕೋರ್ಟ್ ದೇಶದೊಳಗೂ ತಡೆ ವಿಧಿಸಿತು.

ಹವಾಮಾನದ ಮಾತಿಗೆ ಈ ಪಾಠ ಎಷ್ಟು ಒಪ್ಪುತ್ತದೆ? ಎಂಡೋಸಲ್ಫಾನ್ ಒಂದು ಔಷಧಿ, ಅದಿಲ್ಲದೆ ಬದುಕಬಹುದು. ಇಂಗಾಲದ ಹೊಗೆಯೋ ನಮ್ಮ ಬಸ್ಸು, ಬಲ್ಬು, ಸಿಮೆಂಟುಗಳಲ್ಲೆಲ್ಲ ಬೆರೆತಿದೆ. 1997ರ ಕ್ಯೋಟೋ ಒಪ್ಪಂದದಿಂದ ಅಮೆರಿಕ ಹಿಂದೆ ಸರಿಯಿತು. 2015ರ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ 2025ರಲ್ಲಿ ಎರಡನೆಯ ಬಾರಿ ಘೋಷಿಸಿತು. ಹಿಂದೆ ಸರಿದವರನ್ನು ಎಳೆದು ತರುವ ಪೊಲೀಸರು ಜಗತ್ತಿಗಿಲ್ಲ.

ಆದರೂ 2019ರಲ್ಲಿ ಪೆಸಿಫಿಕ್ ದ್ವೀಪಗಳ ಕೆಲವು ಕಾನೂನು ವಿದ್ಯಾರ್ಥಿಗಳು ಒಂದು ಪ್ರಶ್ನೆ ಎತ್ತಿದರು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯವಲ್ಲವೇ? ಪುಟ್ಟ ವನುವಾಟು ದೇಶ ಅದನ್ನು ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಹೌದೆಂದಿತು. ಅದು ಸಲಹೆ ಮಾತ್ರ, ಆದೇಶವಲ್ಲ. ಆದರೆ ಇನ್ನು ಮುಂದೆ ಯಾವ ದೇಶವೂ ‘ಅದು ನಮ್ಮ ಇಷ್ಟ’ ಎಂದು ಸುಲಭವಾಗಿ ಹೇಳುವಂತಿಲ್ಲ.

ನೈತಿಕ ನಾಯಕತ್ವ ಬಾಗಿಲು ತೆರೆಸೀತು. ಒಳಗೆ ನಡೆಯಲು ಕಾನೂನು, ಹಣ, ಬದಲಿ ದಾರಿ ಬೇಕು. ವಿದ್ಯಾರ್ಥಿಗಳು ಗಮನಿಸಬೇಕಾದ್ದು ಇನ್ನೊಂದಿದೆ. ಪಡ್ರೆಯ ವೈದ್ಯರ ಮೊದಲ ಕೆಲಸ ಭಾಷಣವಾಗಿರಲಿಲ್ಲ, ಕಣ್ಣೆದುರಿಗಿದ್ದುದನ್ನು ಗಮನಿಸಿ ಬರೆದಿಡುವುದಾಗಿತ್ತು. ಊರಿನ ಮಳೆ, ಬಾವಿಯ ನೀರು, ಅಡಿಕೆಯ ಕೊಳೆರೋಗ ಇವನ್ನು ವರ್ಷವರ್ಷ ಬರೆದಿಡಲು ಒಂದು ನೋಟ್‌ಬುಕ್ ಸಾಕು. ಅದನ್ನು ಮಕ್ಕಳ ಕೈಗೆ ಕೊಡುವುದು ಹೆತ್ತವರಿಂದ ಆಗದ ಕೆಲಸವೇನಲ್ಲ.