ಸಸ್ಯಗಳ ಸಿಹಿ: ಅರಿತು ಬಳಸೋಣ

“ಸಕ್ಕರೆ ಬಿಟ್ಟಿದ್ದೇನೆ ಡಾಕ್ಟರೇ, ಬೆಲ್ಲ ತಿನ್ನಬಹುದಲ್ಲವೇ?” ಮಧುಮೇಹಿಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು. ಸಸ್ಯದಿಂದ ನೇರವಾಗಿ ಬಂದ ಸಿಹಿ ನಿರಪಾಯಕಾರಿ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಹಾಲಿನಿಂದ ಆಗುವಂಥವು. ಬೆಲ್ಲದಲ್ಲಿ ಅಲ್ಪ ಖನಿಜಾಂಶಗಳಿದ್ದರೂ ಅದರ ಬಹುಪಾಲು ಸುಕ್ರೋಸ್ ಎಂಬ ಸಕ್ಕರೆಯೇ. ಜೇನುತುಪ್ಪದಲ್ಲಿಯೂ ಸುಮಾರು ಶೇ. 80ರಷ್ಟು ಸಕ್ಕರೆಗಳಿವೆ. ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಹೇಳುವಲ್ಲಿ ಬೆಲ್ಲದ ಪದಾರ್ಥಗಳನ್ನೂ ಸೇರಿಸಿರುವುದು ಗಮನಾರ್ಹ.

ಹಾಗಾದರೆ ರಕ್ತದ ಸಕ್ಕರೆಯನ್ನು ಏರಿಸದ ಸಸ್ಯಜನ್ಯ ಸಿಹಿ ಇಲ್ಲವೇ? ಇದೆ. ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ಗುವಾರಾನಿ ಜನರು ‘ಮಾತೆ’ ಎಂಬ ತಮ್ಮ ಕಷಾಯಕ್ಕೆ ಸಿಹಿಗೂಡಿಸಲು ಒಂದು ಗಿಡದ ಎಲೆಯನ್ನು ಬಳಸುತ್ತಿದ್ದರು. ಸ್ವಿಟ್ಜರ್ಲೆಂಡ್ ಮೂಲದ ಸಸ್ಯವಿಜ್ಞಾನಿ ಮೊಯ್ಸೆಸ್ ಬೆರ್ತೋನಿ ಅದನ್ನು 1899ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು. ಅದೇ ಸ್ಟೀವಿಯಾ. 1931ರಲ್ಲಿ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಅದರ ಸಿಹಿಯ ಅಂಶವಾದ ಸ್ಟೀವಿಯೋಸೈಡನ್ನು ಬೇರ್ಪಡಿಸಿದರು. 1970ರ ದಶಕದಲ್ಲಿ ಜಪಾನ್ ಇದನ್ನು ವಾಣಿಜ್ಯವಾಗಿ ಬಳಸತೊಡಗಿತು.

ಶುದ್ಧೀಕರಿಸಿದ ಈ ಸಾರವು ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ನಮ್ಮ ಜಠರ ಮತ್ತು ಸಣ್ಣಕರುಳು ಇದನ್ನು ಜೀರ್ಣಿಸಲಾರವು. ದೊಡ್ಡಕರುಳಿನ ಸೂಕ್ಷ್ಮಾಣುಗಳು ಒಡೆದ ಬಳಿಕ ಅದರ ಅಂಶವು ಯಕೃತ್ತನ್ನು ಹಾದು ಮೂತ್ರದ ಮೂಲಕ ಹೊರಹೋಗುತ್ತದೆ. ಆದ್ದರಿಂದಲೇ ರಕ್ತದಲ್ಲಿ ಸಕ್ಕರೆ ಏರುವುದಿಲ್ಲ.

ಸಿಹಿಯ ಸಸ್ಯಗಳೆಲ್ಲವೂ ಹೀಗೆ ಸೌಮ್ಯವಲ್ಲ. ನಮಗೆ ಚಿರಪರಿಚಿತವಾದ ಅತಿಮಧುರ, ಅಂದರೆ ಜ್ಯೇಷ್ಠಮಧು, ಕೆಮ್ಮು ಮತ್ತು ಗಂಟಲುನೋವಿಗೆ ಉತ್ತಮ ಔಷಧ. ಆದರೆ ಅದರ ಸಿಹಿಗೆ ಕಾರಣವಾದ ಗ್ಲೈಸಿರೈಜಿನ್ ಶರೀರದಲ್ಲಿ ಸೋಡಿಯಂ ಮತ್ತು ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಮ್ಮನ್ನು ಹೊರಹಾಕುತ್ತದೆ. ದಿನವೂ ಚಹಾಕ್ಕೆ ಸಕ್ಕರೆಯ ಬದಲು ಇದನ್ನು ಹಾಕಿಕೊಂಡರೆ ರಕ್ತದೊತ್ತಡ ಏರಬಹುದು. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಸ್ಟೀವಿಯಾ ಬಳಸುವವರು ಕೆಲವು ಅಂಶಗಳನ್ನು ನೆನಪಿಡಬೇಕು:

• ಕೆಲವು ಪುಡಿಗಳಲ್ಲಿ ಗಾತ್ರಕ್ಕಾಗಿ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ. ಇವು ರಕ್ತದ ಸಕ್ಕರೆಯನ್ನು ಏರಿಸಬಲ್ಲವು. ಪೊಟ್ಟಣದ ಮೇಲಿನ ವಿವರವನ್ನು ಓದಿ ಕೊಳ್ಳಿರಿ.

• ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಬೆವರು, ನಡುಕ, ತಲೆಸುತ್ತು ಬಂದಾಗ ಸ್ಟೀವಿಯಾ ಪಾನಕ ಪ್ರಯೋಜನಕ್ಕೆ ಬಾರದು. ಎಚ್ಚರವಿದ್ದು ನುಂಗಬಲ್ಲವರಾದರೆ ನಿಜವಾದ ಸಕ್ಕರೆಯನ್ನೇ ನೀರಲ್ಲಿ ಕದಡಿ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

• ಸ್ಟೀವಿಯಾ ಬಳಸುತ್ತಿರುವೆನೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಮಧುಮೇಹವಿಲ್ಲದವರು ಕೇವಲ ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಸ್ಟೀವಿಯಾವೂ ಆ ಪಟ್ಟಿಯಲ್ಲಿದೆ. ಬದಲಿ ಸಿಹಿಯನ್ನು ಹುಡುಕುವುದಕ್ಕಿಂತ ಸಿಹಿಯ ಹಂಬಲವನ್ನೇ ತಗ್ಗಿಸುವುದು ಮೇಲು. ಚಹಾಕ್ಕೆ ಹಾಕುವ ಸಕ್ಕರೆಯನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬನ್ನಿರಿ. ಮಿತಕ್ಕೆ ನಾಲಿಗೆ ತಾನಾಗಿಯೇ ಒಗ್ಗಿಕೊಳ್ಳುತ್ತದೆ.