ಬ್ಯಾಂಕ್ ನೋಡಲು ಮುಂಬೈಯವರೇ ಬರಬೇಕೆ?

ಉದಗೀರದ ಮೋಂಢಾದಲ್ಲಿ ಸೋಯಾಬೀನ್ ಮಾರಿ, ಅಡತಿಯ ಪಟ್ಟಿ ಕೈಗೆ ಬಂದ ಕೂಡಲೇ ನಮ್ಮ ಗಡಿ ರೈತನಿಗೆ ಒಂದು ಚಿಂತೆ ಹತ್ತುತ್ತದೆ. ಈ ರೊಕ್ಕ ಎಲ್ಲಿ ಇಡೋದು? ಉದಗೀರದಲ್ಲೋ, ಬೀದರಿನಲ್ಲೋ? ಸರ್ಕಾರಿ ಬ್ಯಾಂಕಿನಲ್ಲೋ, ಜಿಲ್ಲಾ ಸಹಕಾರಿ ಬ್ಯಾಂಕಿನಲ್ಲೋ, ಓಣಿಯ ಪತಸಂಸ್ಥೆಯಲ್ಲೋ? ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ದೇವಣಿ ಹೋರಿಯಾದರಂತೂ ಅರ್ಧ ದಿನ ಬೇಕು. ಬ್ಯಾಂಕಿಗೆ ಮಾತ್ರ ಬೋರ್ಡು ನೋಡಿ ರೊಕ್ಕ ಕಟ್ಟಿ ಬರುತ್ತೇವೆ.

ನಾನೂ ಹಾಗೇ ಕಟ್ಟಿದವನು. ಮಗಳ ಮದುವೆಗೆಂದು ತೊಗರಿ ಮಾರಿದ ರೊಕ್ಕವನ್ನು ಒಂದು ಸೊಸೈಟಿಯಲ್ಲಿಟ್ಟೆ. ಹೆಸರು ಬ್ಯಾಡ. ಬ್ಯಾಂಕಿಗಿಂತ ಬಡ್ಡಿ ಹೆಚ್ಚಿತ್ತು, ಚೇರಮನ್ನರು ಗುರುತಿನವರು. ಲಗ್ನಪತ್ರಿಕೆ ಅಚ್ಚಾದ ಮೇಲೆ ಕೇಳಲು ಹೋದರೆ, "ಮುಂದಿನ ವಾರ ಬರ್ರಿ ಕಾಕಾ" ಅಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ. ಮದುವೆ ಸಾವಕಾರನ ಸಾಲದಲ್ಲಿ ಆಯಿತು.

ಬ್ಯಾಂಕುಗಳ ಶೇರು ಕೊಳ್ಳುವ ದೊಡ್ಡ ಹೂಡಿಕೆದಾರರು ಹೀಗೆ ಮೋಸ ಹೋಗಲು ಸುಲಭಕ್ಕೆ ಸಿಗುವುದಿಲ್ಲ. ಮುಂಬೈಯಲ್ಲಿ ಕೂತು ವರದಿ ಓದಿದ್ದು ಸಾಲದೆಂದು ತಮ್ಮ ಮಂದಿಯನ್ನು ಪ್ರಾಂತ ಪ್ರಾಂತಕ್ಕೆ ಕಳಿಸುತ್ತಾರೆ. ಶಾಖೆ ನೋಡುವುದು, ಸಾಲ ತಗೊಂಡವರನ್ನು ಮಾತಾಡಿಸುವುದು, ಪೇಟೆಯಲ್ಲಿ ಉದ್ರಿ ಹೇಗೆ ತಿರುಗುತ್ತಿದೆ ಎಂದು ವ್ಯಾಪಾರಿಗಳನ್ನು ಕೇಳುವುದು, ಇದು ಅವರ ಕೆಲಸ. ಒಂದೇ ಬ್ಯಾಂಕಿನ ಸಾಲ ಒಂದು ಜಿಲ್ಲೆಯಲ್ಲಿ ವಸೂಲಾಗುತ್ತದೆ, ಪಕ್ಕದ ಜಿಲ್ಲೆಯಲ್ಲಿ ಮುಳುಗುತ್ತದೆ. ಅದು ಕಾಗದದಲ್ಲಿ ತಡವಾಗಿ ಕಾಣುತ್ತದೆ.

ಇಂಥ ತಿರುಗಾಟ ಹೊಸದೇನಲ್ಲ. 1951ರಲ್ಲಿ ರಿಸರ್ವ್ ಬ್ಯಾಂಕ್ ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿ ಹಳ್ಳಿಯ ಸಾಲದ ಸರ್ವೆ ನಡೆಸಿತು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಮನೆ ಮನೆ ವಿಚಾರಿಸಿದರು. ರೈತ ತಂದ ಪ್ರತಿ 100 ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳದ್ದು ಬರೀ 3 ರೂಪಾಯಿ, ಲೇವಾದೇವಿಗಾರರದ್ದು ಸುಮಾರು 70 ಎಂದು ತಿಳಿದುಬಂತು. 1954ರಲ್ಲಿ ವರದಿ ಬಂತು, 1955ರಲ್ಲಿ ಸ್ಟೇಟ್ ಬ್ಯಾಂಕ್ ಹುಟ್ಟಿತು. ನಿಜಾಮನ ಕಾಲದಲ್ಲಿ, 1941ರ ಕಾಯ್ದೆಯಿಂದ ಬಂದಿದ್ದ ಹೈದರಾಬಾದ್ ಬ್ಯಾಂಕೂ 1959ರಲ್ಲಿ ಅದರ ಅಂಗವಾಯಿತು. ನಮ್ಮ ಹಿರಿಯರು 7 ಹಾಲಿ ಸಿಕ್ಕಾಕ್ಕೆ 6 ಕಲದಾರ್ ಎಂದು ಲೆಕ್ಕ ಹಾಕುತ್ತಿದ್ದ ಸೀಮೆಯಲ್ಲಿ ಅದೇ ದೊಡ್ಡ ಬ್ಯಾಂಕು. 2017ರ ಏಪ್ರಿಲ್ 1ಕ್ಕೆ ಅದು ಸ್ಟೇಟ್ ಬ್ಯಾಂಕಿನಲ್ಲೇ ಕೂಡಿಹೋಯಿತು.

ಉದಗೀರ, ನಿಲಂಗಾ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳು. ಉಮರ್ಗಾ ಉಸ್ಮಾನಾಬಾದಿನದು, ಅಂದರೆ ಈಗಿನ ಧಾರಾಶಿವ. ಗೆರೆ ಬಿದ್ದ ಮೇಲೆ ಹೊಲದ ಮಣ್ಣು ಬದಲಾಗಲಿಲ್ಲ, ಸಾಲದ ಕಾಯ್ದೆ ಬದಲಾಯಿತು. ಕರ್ನಾಟಕ 2017 ಮತ್ತು 2018ರಲ್ಲಿ, ಮಹಾರಾಷ್ಟ್ರ 2017 ಮತ್ತು 2019ರಲ್ಲಿ ಸಾಲಮನ್ನಾ ಸಾರಿದವು. ಶರತ್ತು ಬೇರೆ ಬೇರೆ. ಒಂದು ಕಡೆ ಮನ್ನಾ ಸುದ್ದಿ ಬಂದರೆ ಇನ್ನೊಂದು ಕಡೆಯವನೂ ಕಂತು ತಡೆಹಿಡಿದು ಕಾಯುತ್ತಾನೆ. ಸಣ್ಣ ಅವಧಿಯ ಬೆಳೆಸಾಲ ಎರಡು ಹಂಗಾಮು ಬಾಕಿ ಉಳಿದರೆ ಬ್ಯಾಂಕಿನ ಪುಸ್ತಕದಲ್ಲಿ ಅದು ಕೆಟ್ಟ ಸಾಲ. ಕನ್ನಡದಲ್ಲಿ ಸಾಲ ಅನ್ರಿ, ತೆಲುಗಿನಲ್ಲಿ ಅಪ್ಪು ಅನ್ರಿ, ಮರಾಠಿಯಲ್ಲಿ ಕರ್ಜ ಅನ್ರಿ, ಬಡ್ಡಿ ಏರುವ ದಾರಿ ಒಂದೇ.

ಹಾಗಂತ ಬರಗಾಲದಿಂದಲೇ ಬ್ಯಾಂಕ್ ಮುಳುಗುತ್ತದೆ ಅನ್ನುವಂತಿಲ್ಲ. 2002ರಲ್ಲಿ ನಾಗಪುರ, ಉಸ್ಮಾನಾಬಾದ್ ಮುಂತಾದ ಜಿಲ್ಲಾ ಸಹಕಾರಿ ಬ್ಯಾಂಕುಗಳು ಹೋಮ್ ಟ್ರೇಡ್ ಎಂಬ ದಲಾಲಿ ಕಂಪನಿಗೆ ಸರ್ಕಾರಿ ಸಾಲಪತ್ರ ತಂದುಕೊಡಲು ರೊಕ್ಕ ಕೊಟ್ಟವು. ಸಾಲಪತ್ರವೂ ಬರಲಿಲ್ಲ, ರೊಕ್ಕವೂ ಬರಲಿಲ್ಲ. ಅದು ಹೊಲದಲ್ಲಿ ಬೆವರು ಸುರಿಸಿದವರ ಠೇವು. ಈಚೆಗೆ ಬೀಡಿನ ಜ್ಞಾನರಾಧಾ ಮಲ್ಟಿಸ್ಟೇಟ್ ಸೊಸೈಟಿಯಲ್ಲಿ ಠೇವು ಇಟ್ಟವರು 2023ರಿಂದ ಬಾಗಿಲು ಬಡಿದಿದ್ದನ್ನೂ ಮರಾಠವಾಡ ನೋಡಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡ್ರಿ. ಬ್ಯಾಂಕ್ ಮುಚ್ಚಿದರೆ ಠೇವಿಗೆ ವಿಮೆ ಉಂಟು. 2020ರ ಫೆಬ್ರವರಿ 4ರಿಂದ ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದ ತನಕ. ಅದಕ್ಕೆ ಮೊದಲು 1 ಲಕ್ಷ. ಜಿಲ್ಲಾ ಸಹಕಾರಿ ಬ್ಯಾಂಕಿಗೂ ಇದು ಅನ್ವಯ. ಪತಸಂಸ್ಥೆಗೆ, ಮಲ್ಟಿಸ್ಟೇಟ್ ಕ್ರೆಡಿಟ್ ಸೊಸೈಟಿಗೆ ಇಲ್ಲವೇ ಇಲ್ಲ. ಬೋರ್ಡಿನ ಅಕ್ಷರ ಎಷ್ಟೇ ದೊಡ್ಡದಿರಲಿ. ಇನ್ನೊಂದು ಗಡಿಯವರ ತಪ್ಪು: ಬಸವಕಲ್ಯಾಣದ ಶಾಖೆಯಲ್ಲಿ 4 ಲಕ್ಷ, ಉಮರ್ಗಾದ ಶಾಖೆಯಲ್ಲಿ 4 ಲಕ್ಷ ಇಟ್ಟು ಎರಡಕ್ಕೂ ವಿಮೆ ಉಂಟೆಂದು ತಿಳಿಯುವುದು. ಬ್ಯಾಂಕ್ ಒಂದೇ ಆಗಿದ್ದರೆ ಎರಡೂ ಸೇರಿ 5 ಲಕ್ಷವೇ. ರಾಜ್ಯ ಎರಡಾದರೂ ಲೆಕ್ಕ ಒಂದು. ಗ್ರಾಮೀಣ ಬ್ಯಾಂಕಿನ ಮಾತು ಬೇರೆ. 2025ರ ಮೇ 1ರಿಂದ ರಾಜ್ಯಕ್ಕೊಂದೇ ಆಗಿರುವುದರಿಂದ ಆಚೆಯದು, ಈಚೆಯದು ಬೇರೆ ಬೇರೆ ಬ್ಯಾಂಕು.

ಸಹಕಾರಿ ಬ್ಯಾಂಕಿಗೆ ಹೋದರೆ ವಾರ್ಷಿಕ ಅಹವಾಲು ಕೇಳಬೇಕು. ಲೆಕ್ಕ ಪರಿಶೋಧನೆಯ ವರ್ಗ 'ಅ' ಇದೆಯೋ, ಇಳಿದಿದೆಯೋ? ಕೊಟ್ಟ 100 ರೂಪಾಯಿ ಸಾಲದಲ್ಲಿ ಕೆಟ್ಟದ್ದು ಎಷ್ಟು? ಆ ಸಾಲ ಹಲವು ರೈತರ ಕೈಯಲ್ಲಿದೆಯೋ, ನಾಲ್ಕು ಮಂದಿ ದೊಡ್ಡವರ ಕೈಯಲ್ಲಿದೆಯೋ? ಕೊನೆಯದೇ ನನ್ನ ಲೆಕ್ಕದಲ್ಲಿ ದೊಡ್ಡ ಪ್ರಶ್ನೆ. ಉತ್ತರ ಅಹವಾಲಿನಲ್ಲಿ ಸಿಗದಿದ್ದರೆ ಮೋಂಢಾದ ಅಡತಿಯವರನ್ನು ಕೇಳ್ರಿ, ಅವರಿಗೆ ಎಲ್ಲ ಗೊತ್ತಿರುತ್ತದೆ.

ನಿಲಂಗಾದಲ್ಲಿರುವ ನನ್ನ ಅಳಿಯ ಮೊನ್ನೆ ಒಂದು ಕಡೆ ಠೇವು ಇಡಲು ಹೋಗಿದ್ದ. "ಮೊದಲು ಅಹವಾಲು ತೋರಿಸ್ರಿ" ಅಂದನಂತೆ. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಕ್ಯಾಲೆಂಡರ್ ಕೊಟ್ಟರು. ಅಹವಾಲು ಕಪಾಟಿನಲ್ಲಿದೆ, ಕೀಲಿಕೈ ಸಾಹೇಬರ ಹತ್ತಿರ ಅಂದರು. ಅವನು ಚಹಾ ಕುಡಿದು, ರೊಕ್ಕ ತಗೊಂಡು ವಾಪಸ್ ಬಂದ.